ಕೀಲು ನೋವು ಹೋಯಿತು, ಹೃದಯ ಪರೀಕ್ಷಿಸಿದಿರಾ?

“ಬೆಳೆಯೋ ಮಕ್ಕಳಿಗೆ ಕಾಲು ನೋವು ಇದ್ದದ್ದೇ, ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯಿ” ಎನ್ನುತ್ತಾರೆ ಮನೆಯ ಹಿರಿಯರು. ಹೆಚ್ಚಿನ ಸಲ ಆ ಮಾತು ಸರಿಯೇ. ದಿನವೆಲ್ಲ ಕುಣಿದ ಮಗು ರಾತ್ರಿ ಕಾಲು ನೋವೆಂದು ಅತ್ತು, ಬೆಳಿಗ್ಗೆ ಎದ್ದು ಮತ್ತೆ ಓಡಿದರೆ ನೀವು ಗಾಬರಿಪಡಬೇಕಿಲ್ಲ. ಆದರೆ ಜ್ವರದ ಜೊತೆಗೆ ಮಂಡಿ ಊದಿ, ಮುಟ್ಟಿದರೆ ಬಿಸಿಯೆನಿಸಿ, ನಾಲ್ಕಾರು ದಿನದಲ್ಲಿ ಅದು ಇಳಿಯುತ್ತಲೇ ನೋವು ಇನ್ನೊಂದು ಮಂಡಿಗೋ ಮೊಣಕೈಗೋ ಹಾರಿದರೆ ಎಣ್ಣೆಯ ಬಟ್ಟಲು ಪಕ್ಕಕ್ಕಿಡಿ, ವೈದ್ಯರಲ್ಲಿಗೆ ಹೊರಡಿ. ಅದು ರುಮ್ಯಾಟಿಕ್ ಜ್ವರವಿರಬಹುದು.

ಇದರ ಬೇರು ಇರುವುದು ಗಂಟಲಿನಲ್ಲಿ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆರಳುತ್ತದೆ. ಅದರ ಮೇಲೆ ಹೋರಾಡಲು ಎದ್ದ ದೇಹದ ಶಕ್ತಿ ಎರಡು ಮೂರು ವಾರಗಳ ಮೇಲೆ ತನ್ನದೇ ಕೀಲು, ಹೃದಯಗಳ ಮೇಲೆ ತಿರುಗುತ್ತದೆ. ಅಷ್ಟು ಹೊತ್ತಿಗೆ ಗಂಟಲು ನೋವು ನಮಗೆ ಮರೆತೇ ಹೋಗಿರುತ್ತದೆ! ನೆಗಡಿಯಿಲ್ಲದೆ ಗಂಟಲು ಕೆಂಪಗಾಗಿ, ನುಂಗಲು ಕಷ್ಟವಾಗಿ, ಜ್ವರವೂ ಬಂದರೆ ಬರೀ ಶುಂಠಿ ಕಷಾಯದಲ್ಲಿ ದಿನ ದೂಡಬೇಡಿ. ಒಂಬತ್ತು ದಿನಗಳೊಳಗೆ ಸರಿಯಾದ ಔಷಧ ಶುರುವಾದರೂ ಈ ಜ್ವರವನ್ನು ತಡೆಯಬಹುದು. ವೈದ್ಯರು ಹತ್ತು ದಿನದ ಮಾತ್ರೆ ಕೊಟ್ಟರೆ ಹತ್ತು ದಿನವೂ ಕೊಡಿ.

ಕೆಲವು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಗಂಟಲು ನೋವು ಬಂದುಹೋಗಿ ತಿಂಗಳುಗಳ ಮೇಲೆ ಕೈಕಾಲು ತಾವಾಗಿಯೇ ಅದುರತೊಡಗುತ್ತವೆ. ಲೋಟ ಜಾರುತ್ತದೆ, ಅಕ್ಷರ ಕೆಡುತ್ತದೆ. ಮನೆಯಲ್ಲೂ ಶಾಲೆಯಲ್ಲೂ ಬೈಗುಳ ತಿನ್ನುವುದು ಪಾಪ ಆ ಮಗು. 1944ರಲ್ಲಿ ಅಮೆರಿಕದ ಡಾ. ಡಕೆಟ್ ಜೋನ್ಸ್ ಈ ಕಾಯಿಲೆಯ ಗುರುತುಗಳನ್ನು ಒಂದೆಡೆ ಸೇರಿಸಿದಾಗ ಈ ಅದುರುವಿಕೆಯೂ ಅವುಗಳಲ್ಲಿ ಒಂದಾಗಿತ್ತು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಆ ಪಟ್ಟಿಯನ್ನೇ, ತಿದ್ದುಪಡಿಗಳೊಂದಿಗೆ, ಬಾಯಿಪಾಠ ಮಾಡುತ್ತಾರೆ.

ಕೀಲು ಪೂರ್ತಿ ವಾಸಿಯಾಗುತ್ತದೆ. ಹೃದಯದ ಕವಾಟದ ಮಾತು ಹಾಗಲ್ಲ. ಎಡಭಾಗದ ಮೈಟ್ರಲ್ ಕವಾಟದ ಬಾಯಿ ದೊಡ್ಡವರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಪೆಟ್ಟು ತಿಂದ ಕವಾಟ ವರ್ಷಗಳು ಕಳೆದಂತೆ ದಪ್ಪಗಾಗಿ, ಅಂಚುಗಳು ಅಂಟಿಕೊಂಡು, ಬಾಯಿ ಕಿರಿದಾಗಬಹುದು. ಹುಡುಗಿಗೆ ಏನೂ ಗೊತ್ತಾಗುವುದಿಲ್ಲ. ಮದುವೆಯಾಗಿ ಬಸುರಿಯಾದಾಗ ಮೈಯಲ್ಲಿನ ರಕ್ತ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚುತ್ತದೆ, ಆ ಕಿರಿಬಾಗಿಲಲ್ಲಿ ಅದು ನುಗ್ಗಲಾರದು. ನಾಲ್ಕು ಮೆಟ್ಟಿಲಿಗೆ ಏದುಸಿರು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಕೆಮ್ಮಿದರೆ ರಕ್ತ. “ಬಸುರಿಗೆ ಸುಸ್ತು ಸಹಜ ಕಣೇ” ಎಂದು ಇದನ್ನು ತಳ್ಳಿಹಾಕಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಗುಣಪಡಿಸುವ ದಾರಿಯಿದೆ. ಜಪಾನಿನ ಡಾ. ಕಾಂಜಿ ಇನೋವೆ 1982ರಲ್ಲಿ ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಕವಾಟ ಬಿಡಿಸಿದರು. ಎದೆ ಕೊಯ್ಯುವ ಹಂಗಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ಇದೆ. ಎಲ್ಲ ಕವಾಟಗಳಿಗೂ ಇದು ಒಗ್ಗದು. ಕೆಲವರಿಗೆ ಶಸ್ತ್ರಕ್ರಿಯೆಯೇ ಬೇಕು.

ಅಷ್ಟು ದೂರ ಹೋಗದಂತೆ ತಡೆಯುವುದು ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು. ನೋಯುತ್ತದೆ, ನಿಜ. ಮಗು ಅಳುತ್ತದೆ, ನಮಗೂ ಕರುಳು ಚುರ್ ಎನ್ನುತ್ತದೆ. “ಈಗ ಚೆನ್ನಾಗಿದ್ದಾಳಲ್ಲ” ಎಂದು ನಿಲ್ಲಿಸುವುದೇ ಇಲ್ಲಿ! ಜ್ವರ ಮರುಕಳಿಸಿದಷ್ಟೂ ಕವಾಟ ಕೆಡುತ್ತದೆ. ಹೃದಯಕ್ಕೆ ತಾಗಿಲ್ಲದಿದ್ದರೂ ಕನಿಷ್ಠ ಐದು ವರ್ಷ, ತಾಗಿದ್ದರೆ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು. ನಿಲ್ಲಿಸುವ ದಿನ ವೈದ್ಯರೇ ಹೇಳಲಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದಿನ ಗುರುತು ಹಾಕಿ. ಹಿಂದೆ ಯಾವುದಾದರೂ ಔಷಧ ಒಗ್ಗದೆ ಮೈಯೆಲ್ಲ ದದ್ದು ಎದ್ದಿದ್ದರೆ ಮೊದಲೇ ತಿಳಿಸಿ. ಚುಚ್ಚುಮದ್ದಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಬಸುರಿಯಾದರೆಂದು ಈ ಮದ್ದನ್ನು ಬಿಡಬೇಕಿಲ್ಲ.

ಮಗಳು ಗಂಡನ ಮನೆಗೆ ಹೊರಟಾಗ ಸೀರೆಗಳ ಜೊತೆ ಆಸ್ಪತ್ರೆಯ ಚೀಟಿ, ಎಕೋ ಪರೀಕ್ಷೆಯ ವರದಿಗಳನ್ನೂ ಪೆಟ್ಟಿಗೆಯಲ್ಲಿಡಿ. ಬೀಗರಿಂದ ಮುಚ್ಚಿಡುವುದು ಬೇಡ. ಮುಂದಿನ ಚುಚ್ಚುಮದ್ದು ಆ ಊರಿನ ಯಾವ ಆಸ್ಪತ್ರೆಯಲ್ಲೆಂದು ಮದುವೆಗೆ ಮುಂಚೆಯೇ ವಿಚಾರಿಸಿಕೊಳ್ಳಿ.