ತಪ್ಪಿನ ಹಿಂದಿರುವ ಕನ್ನಡ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಮಾಸ್ತರಿಕೆ ಮಾಡುತ್ತಿರುವ ನನ್ನ ಹಳೆಯ ಶಿಷ್ಯರು ಕೆಲವರು ಈಚೆಗೆ ಒಂದು ಕಟ್ಟು ಉತ್ತರಪತ್ರಿಕೆಗಳನ್ನು ತಂದು ನನ್ನ ಮುಂದಿಟ್ಟರು. ಎಲ್ಲವೂ ಇಂಗ್ಲಿಷಿನವು. ‘ಸರ್, ಇವಕ್ಕ ಮಾರ್ಕು ಹಾಕೋದು ಹ್ಯಾಂಗ?’ ಎಂಬುದು ಅವರ ಪ್ರಶ್ನೆ. ಕನ್ನಡದ ಮೇಷ್ಟರ ಬಳಿಗೆ ಇಂಗ್ಲಿಷಿನ ಕಾಗದವೇಕೆ ಬಂತೆಂದು ತಾವು ಕೇಳಬಹುದು. ಆ ಕಾಗದಗಳಲ್ಲಿದ್ದ ತಪ್ಪುಗಳಲ್ಲಿ ಬಹುಪಾಲು ಕನ್ನಡದ ತಪ್ಪುಗಳೇ ಆಗಿದ್ದವು ಎಂಬುದೇ ಅದಕ್ಕೆ ಉತ್ತರ.

ಶಾಲೆ ಎಂಬ ಅರ್ಥದ ಇಂಗ್ಲಿಷ್ ಶಬ್ದವನ್ನೇ ನೋಡಿ. ಒಬ್ಬ ಹುಡುಗ ಅದನ್ನು ಎಸ್, ಕೆ, ಯು, ಎಲ್ ಎಂದು ಬರೆದಿದ್ದ. ಇನ್ನೊಬ್ಬ ಮೊದಲಿಗೆ ಒಂದು ಐ ಅಕ್ಷರವನ್ನೂ ಸೇರಿಸಿದ್ದ. ನಮ್ಮ ಆಡುಮಾತಿನಲ್ಲಿ ಸ್ಕೂಲು ‘ಇಸ್ಕೂಲು’ ಆಗುವುದುಂಟು. ಪದದ ಮೊದಲಲ್ಲೇ ಬರುವ ಒತ್ತಕ್ಷರವನ್ನು ಒಂದು ಸ್ವರದ ಊರುಗೋಲಿನಿಂದ ಹತ್ತುವುದು ನಮ್ಮ ನಾಲಗೆಯ ರೂಢಿ. ಮೂರನೆಯವನು ಬರೆದ ಅಕ್ಷರಗಳಿಗೂ ಆ ಶಬ್ದಕ್ಕೂ ಯಾವ ನಂಟೂ ಇರಲಿಲ್ಲ. ಮೂವರಿಗೂ ದೊರೆತದ್ದು ಒಂದೇ ಸೊನ್ನೆ. ಮೊದಲಿಬ್ಬರು ಧ್ವನಿಯನ್ನು ಆಲಿಸಿ, ಅಕ್ಷರವನ್ನು ಹುಡುಕಿ, ಜೋಡಿಸಿದವರು. ಮೂರನೆಯವನು ಇನ್ನೂ ಅಕ್ಷರದ ಹೊಸ್ತಿಲನ್ನೇ ದಾಟಿಲ್ಲ. ಈ ಅಂತರವನ್ನು ಕಾಣಿಸದ ಅಂಕ ಮಾಸ್ತರರಿಗೆ ನಾಳೆ ಯಾರಿಗೆ ಏನು ಕಲಿಸಬೇಕೆಂಬುದನ್ನು ತಿಳಿಸಲಾರದು.

ನುಡಿದಂತೆ ಬರೆಯುವ ಲಿಪಿಯಲ್ಲಿ ಬೆಳೆದ ಮಗು ಇಂಗ್ಲಿಷನ್ನೂ ಹಾಗೆಯೇ ಬರೆಯಲು ಹೊರಡುವುದು ಸಹಜ. ಆದರೆ ಇಂಗ್ಲಿಷಿನ ಚರಿತ್ರೆಯೇ ಬೇರೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಬರಹ ಕ್ರಮೇಣ ನಿಂತಿತು. ಉಚ್ಚಾರ ಮಾತ್ರ ನಡೆಯುತ್ತಲೇ ಹೋಯಿತು. ‘ನೈಫ್’ ಎಂಬಲ್ಲಿನ ಮೊದಲ ಕೆ ಅಕ್ಷರ ಒಂದು ಕಾಲಕ್ಕೆ ಬಾಯಲ್ಲಿಯೂ ಇದ್ದದ್ದೇ. ಇಂದು ಅದು ಕಾಗದದ ಮೇಲೆ ಉಳಿದ ಗುರುತು.

ಜೋಡಕ್ಷರಗಳ ಸಂಗತಿಯೂ ಸ್ವಾರಸ್ಯವಾದದ್ದು. ನಮ್ಮಲ್ಲಿ ಕತೆಗೂ ಕತ್ತೆಗೂ ಇರುವ ಭೇದ ಕಿವಿಗೇ ಕೇಳಿಸುತ್ತದೆ. ಇಂಗ್ಲಿಷಿನ ‘ಲೆಟರ್’ ಶಬ್ದದಲ್ಲಿ ಎರಡು ಟಿ ಬರೆದರೂ ಕೇಳುವುದು ಒಂದೇ. ಆದ್ದರಿಂದ ಮಗು ಒಂದನ್ನೇ ಬರೆಯುತ್ತದೆ. ಇದಕ್ಕೆ ಪ್ರತಿಯಾದ ಉದಾಹರಣೆ ಮಸ್ಕಿಯ ಬಂಡೆಯ ಮೇಲೆಯೇ ಇದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಅಶೋಕನ ಹೆಸರು ‘ಅಸೋಕಸ’ ಎಂದಿದೆ. ಓದುವಾಗ ಅದು ‘ಅಸೋಕಸ್ಸ’. ಅಂದಿನ ಬ್ರಾಹ್ಮೀ ಬರಹದಲ್ಲಿ ಇಮ್ಮಡಿ ವ್ಯಂಜನವನ್ನು ಒಂದಾಗಿಯೇ ಕೆತ್ತುವುದು ವಾಡಿಕೆಯಾಗಿತ್ತು. ಚಕ್ರವರ್ತಿಯ ಲಿಪಿಕಾರನಿಗೆ ಅದಕ್ಕಾಗಿ ಯಾರೂ ಅಂಕ ಕಳೆದಂತಿಲ್ಲ!

ಸಿಂಧನೂರಿನ ತರಗತಿಯಲ್ಲಿ ಕೆಲಸ ಇನ್ನಷ್ಟು ತೊಡಕಿನದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನೊಡನೆ ಬಂದ ತೆಲುಗು ಕುಟುಂಬಗಳ ಕ್ಯಾಂಪುಗಳು ಅಲ್ಲಿವೆ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ. ಉರ್ದು ಮನೆಗಳಿವೆ, ಲಂಬಾಣಿ ತಾಂಡಾಗಳಿವೆ. ನಮ್ಮ ವಕಾರ ಇಂಗ್ಲಿಷಿನ ಎರಡು ಬೇರೆ ಅಕ್ಷರಗಳಿಗೆ ಒಂದೇ ಉತ್ತರ ಕೊಡುತ್ತದೆ. ಆದ್ದರಿಂದ ಕನ್ನಡದ ಮಗು ವಿ ಮತ್ತು ಡಬ್ಲ್ಯೂಗಳನ್ನು ಅದಲುಬದಲು ಮಾಡುತ್ತದೆ. ಬಂಗಾಳಿಯಲ್ಲಿ ನಮ್ಮ ವಕಾರದ ಸ್ಥಾನದಲ್ಲಿ ಬಹುಮಟ್ಟಿಗೆ ಬಕಾರ ನಿಲ್ಲುತ್ತದೆ. ಜಕಾರಕ್ಕೂ ಇಂಗ್ಲಿಷಿನ ಕೊನೆಯ ಅಕ್ಷರದ ಧ್ವನಿಗೂ ಇರುವ ಭೇದವನ್ನು ಉರ್ದು ಮನೆಯ ಹುಡುಗಿ ಹೇಳಿಸಿಕೊಳ್ಳದೆಯೇ ಬಲ್ಲಳು. ಒಂದೇ ಬೆಂಚಿನ ಮೂರು ಮಕ್ಕಳ ತಪ್ಪಿಗೆ ಮೂರು ಮೂಲ.

ವ್ಯಾಕರಣಕ್ಕೆ ಬಂದರೆ, ‘ಹಿ ಗೋ’ ಎಂದು ಬರೆದು ಕ್ರಿಯಾಪದದ ಕೊನೆಯ ಪ್ರತ್ಯಯವನ್ನು ಬಿಡುವುದು ಎಲ್ಲ ಕಾಗದಗಳಲ್ಲೂ ಇತ್ತು. ಮಗುವಿಗೆ ಕರ್ತೃವಿಗೂ ಕ್ರಿಯೆಗೂ ಹೊಂದಿಕೆ ತಿಳಿಯದೆಂದು ಇದರಿಂದ ಹೇಳಲಾಗದು. ಹೋಗ್ತಾನ, ಹೋಗ್ತಾಳ, ಹೋಗ್ತಾವ ಎಂದು ಲಿಂಗವಚನಗಳ ಸಮೇತ ಸರಿಯಾಗಿ ನುಡಿಯುವ ಮಗು ಅದು. ಇದನ್ನು ನೆನಪಿಸಿ ಕಲಿಸಿದರೆ ದಾರಿ ಹತ್ತಿರ. ಲೇಖನಚಿಹ್ನೆಗಳದ್ದೂ ಇದೇ ಮಾತು. ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಕನ್ನಡದಲ್ಲಿಲ್ಲ. ತೆಲುಗು, ಉರ್ದು, ಬಂಗಾಳಿಗಳಲ್ಲಿಯೂ ಇಲ್ಲ. ‘ಬಂದನೇ’ ಎಂದಾಗಲೇ ಪ್ರಶ್ನೆ ಮುಗಿದಿರುತ್ತದೆ; ಮುಂದಿನ ಕೊಕ್ಕೆ ಅಚ್ಚಿನ ಯುಗ ನಮಗೆ ತಂದುಕೊಟ್ಟದ್ದು.

ಇಂಗ್ಲೆಂಡಿನಲ್ಲಿ 2013ರಿಂದ ಪ್ರಾಥಮಿಕ ಶಿಕ್ಷಣದ ಕೊನೆಯ ವರ್ಷದ ಮಕ್ಕಳಿಗೆ ಈ ಮೂರಕ್ಕೆಂದೇ ಒಂದು ಪರೀಕ್ಷೆಯಿದೆ: ವ್ಯಾಕರಣ ಮತ್ತು ಚಿಹ್ನೆಗಳಿಗೆ 50 ಅಂಕ, ಕೇಳಿ ಬರೆಯುವ 20 ಪದಗಳಿಗೆ 20 ಅಂಕ. ಪದ ಸರಿಯಾಗಿದ್ದರೆ ಅಂಕ, ಇಲ್ಲವಾದರೆ ಇಲ್ಲ. ಇಂಗ್ಲಿಷಿನ ನಡುವೆಯೇ ಬೆಳೆಯುವ ಮಕ್ಕಳಿಗೆ ಅದು ಸರಿಯೋ ಏನೋ, ಅಲ್ಲಿಯೂ ವಾದವಿದೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೆ ಮುಂಚೆ ಐದನೆಯ ತರಗತಿಯವರೆಗೆ ಅದರ ಗೊಡವೆಯಿರಲಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳೆಂಬ ಏರ್ಪಾಡು ನಮ್ಮಲ್ಲಿದೆ. ರೂಪಣಾತ್ಮಕ ಎಂಬ ಹೆಸರಿಗೆ ಅರ್ಥ ಬರಬೇಕಾದರೆ ತಪ್ಪಿನ ಬಗೆಯನ್ನು ಬರೆದಿಡಲೇಬೇಕು.

ಆ ಕಟ್ಟಿನಲ್ಲಿ ಒಬ್ಬ ಹುಡುಗಿಯ ಎರಡು ಕಾಗದಗಳಿದ್ದವು. ಮೊದಲನೆಯದರಲ್ಲಿ ಅವಳು ಭತ್ತದ ನಾಟಿಗೆ ಹೋಗುವ ತಾಯಿಯ ಬಗೆಗೆ ಎಂಟು ಸಾಲು ಬರೆದಿದ್ದಳು. ನಾಟಿಗೆ ಇಂಗ್ಲಿಷ್ ಶಬ್ದ ಸಿಗದೆ ‘ನಾಟಿ’ ಎಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ‘ನೈಟ್’ ಎಂಬುದನ್ನು ಎನ್, ಎ, ಐ, ಟಿ ಎಂದು. ತಾಯಿಯ ಕಾಲುನೋವಿನ ಪ್ರಸ್ತಾಪವೂ ಇತ್ತು. ಸಾಲುಸಾಲಿಗೂ ಕೆಂಪು ಸುತ್ತು. ಮುಂದಿನ ಪರೀಕ್ಷೆಯಲ್ಲಿ ಅವಳು ಬರೆದದ್ದು ಎರಡೇ ಸಾಲು: ಹಸು ಸಾಧುಪ್ರಾಣಿ, ಹಸು ಹಾಲು ಕೊಡುತ್ತದೆ. ಒಂದೂ ತಪ್ಪಿಲ್ಲ. ಅಂಕ ಏರಿತ್ತು.

ಶಿಷ್ಯರಿಗೆ ನಾನು ಸೂಚಿಸಿದ್ದು ಇಷ್ಟು. ಸ್ವಂತ ಬರವಣಿಗೆಯಲ್ಲಿ ಹೇಳಿದ ಸಂಗತಿಗೆ ಬೇರೆ ಅಂಕ, ಬರಹದ ಶುದ್ಧಿಗೆ ಬೇರೆ ಅಂಕ. ಒಂದು ಕಾಗದದಲ್ಲಿ ಒಂದು ಬಗೆಯ ತಪ್ಪನ್ನು ಮಾತ್ರ ಗುರುತಿಸಿ ತಿದ್ದುವುದು. ಉಕ್ತಲೇಖನದಲ್ಲಿ ಮಾತ್ರ ಈ ಸಡಿಲಿಕೆ ಬೇಡ. ವಾರಕ್ಕೆ ಹತ್ತು ಪದ, ಮುಂಚಿತವಾಗಿ ಓದಿಸಿ ಬರೆಯಿಸಿದವು. ಅಲ್ಲಿ ಸರಿ ಎಂದರೆ ಸರಿ, ತಪ್ಪೆಂದರೆ ತಪ್ಪು.