ಹಳೆಯ ಜೀಪಿನ ದುರಸ್ತಿ: ತುಕ್ಕು ಮೊದಲು, ಬಣ್ಣ ಕೊನೆಗೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಅಥವಾ ದುಡಿದು ದಣಿದು ಶೆಡ್ಡಿನ ಮೂಲೆ ಸೇರಿರುವ ಹಳೆಯ ಜೀಪುಗಳಲ್ಲಿ ಹೆಚ್ಚಿನವು ಒಂದೇ ವಂಶದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಸೈನ್ಯಕ್ಕೆ ತಯಾರಿಸಿಕೊಟ್ಟ ನಾಲ್ಕು ಚಕ್ರ ಚಾಲನೆಯ ಗಾಡಿಯೇ ಇವುಗಳ ಮೂಲ. 1945ರಲ್ಲಿ ಆರಂಭವಾಗಿ 1948ರಲ್ಲಿ ಈಗಿನ ಹೆಸರು ಪಡೆದ ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆ ಮೊದಲು ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಿತು, ಆಮೇಲೆ ಪರವಾನಗಿ ಪಡೆದು ಇಲ್ಲೇ ತಯಾರಿಸತೊಡಗಿತು. ವಿಲ್ಲೀಸ್ 1953ರಲ್ಲಿ ಹೊರತಂದ ಸಿಜೆ3ಬಿ ಮಾದರಿ ಅಮೆರಿಕದಲ್ಲಿ 1968ಕ್ಕೆ ನಿಂತುಹೋದರೂ ಅದರ ಮೈಕಟ್ಟು ಭಾರತದಲ್ಲಿ ದಶಕಗಳ ಕಾಲ ಉಳಿಯಿತು. ಇದರ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವ್ ಮೇಲಿನ ಹೆಡ್ಡಿನಲ್ಲಿದ್ದರೆ ಹೊಗೆ ಬಿಡುವ ವಾಲ್ವ್ ಕೆಳಗಿನ ಬ್ಲಾಕಿನಲ್ಲಿತ್ತು. ಹೀಗಾಗಿ ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಇಂದು ದೂರದಿಂದಲೇ ಗುರುತು ಹಿಡಿಯಬಹುದಾದ ಆ ಉಬ್ಬಿದ ಮುಖಕ್ಕೆ ಇದೇ ಕಾರಣ.

ಈ ಗಾಡಿಯನ್ನು ಮನೆಯಂಗಳದಲ್ಲೇ ಬಿಚ್ಚಿ ಕಟ್ಟಬಹುದು ಎನ್ನುವ ಧೈರ್ಯ ಬರುವುದು ಅದರ ರಚನೆಯಿಂದ. ಇಂದಿನ ಕಾರುಗಳಲ್ಲಿ ಬಾಡಿಯೂ ಚಾಸಿಯೂ ಒಂದೇ ತಗಡಿನ ಗೂಡು. ಜೀಪಿನಲ್ಲಿ ಹಾಗಲ್ಲ. ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಬೋಲ್ಟುಗಳಿಂದ ಕೂರಿಸಲಾಗಿದೆ. ಬೋಲ್ಟು ಬಿಚ್ಚಿ, ವೈರಿಂಗ್, ಸ್ಟೀರಿಂಗ್, ಪೆಡಲ್‌ಗಳನ್ನು ಕಳಚಿದರೆ ಖಾಲಿ ಬಾಡಿಯನ್ನು ಐದಾರು ಜನ ಸೇರಿ ಎತ್ತಿ ಪಕ್ಕಕ್ಕಿಡಬಹುದು. ತಗಡೂ ಬಹುಪಾಲು ಚಪ್ಪಟೆ. ಬಾಗಿದ ಜಾಗಗಳು ಕಡಿಮೆ. ಎಲೆಕ್ಟ್ರಾನಿಕ್ಸ್ ಎಂಬುದಂತೂ ಇಲ್ಲವೇ ಇಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ನೋಡಬೇಕಾದದ್ದು ಆರ್‌ಸಿ ಪುಸ್ತಕ. ಚಾಸಿಯ ಮೇಲೆ ಒತ್ತಿರುವ ನಂಬರೂ ಎಂಜಿನ್ನಿನ ನಂಬರೂ ದಾಖಲೆಯೊಂದಿಗೆ ತಾಳೆಯಾಗಬೇಕು. ಪೆಟ್ರೋಲ್ ದುಬಾರಿಯೆಂದು ಹಳೆಯ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ತೋಟಗಳಲ್ಲಿ ಬೇಕಾದಷ್ಟಿವೆ. ಆ ಬದಲಾವಣೆ ಆರ್‌ಸಿಗೆ ಏರಿರದಿದ್ದರೆ ಮುಂದಿನ ಶ್ರಮವೆಲ್ಲ ನೋಂದಣಿಯ ಮುಂದೆ ಮುಗ್ಗರಿಸುತ್ತದೆ. ಚಾಸಿ ನಂಬರಿರುವ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಬಾರದು, ಅದರ ಮೇಲೆ ವೆಲ್ಡಿಂಗ್ ಮಾಡಬಾರದು. ದಪ್ಪ ಬಣ್ಣ ಬಳಿದು ಅಂಕೆಗಳನ್ನು ಮುಚ್ಚಿದರೂ ತಪಾಸಣೆಯ ವೇಳೆ ತಕರಾರು ಖಚಿತ.

ಬಿಚ್ಚುವ ಕೆಲಸ ಸುಲಭ, ಮರಳಿ ಜೋಡಿಸುವುದು ಕಷ್ಟ. ಆದ್ದರಿಂದ ಪ್ರತಿ ಹಂತದಲ್ಲೂ ಫೋಟೋ ತೆಗೆಯುವುದು, ನಟ್ಟು ಬೋಲ್ಟುಗಳನ್ನು ಜಾಗದ ಹೆಸರು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿಡುವುದು, ವೈರುಗಳಿಗೆ ಚೀಟಿ ಕಟ್ಟುವುದು ಅಗತ್ಯ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು. ತುಕ್ಕು ಕಚ್ಚಿದ ಬೋಲ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಇನ್ನು ತುಕ್ಕಿನ ವಿಚಾರ. ಹಳೆಯ ಜೀಪಿನ ಪುನರುದ್ಧಾರವೆಂದರೆ ಮುಖ್ಯವಾಗಿ ಇದೇ. ಬಣ್ಣ ಅದರ ಕೊನೆಯ ಅಧ್ಯಾಯ ಮಾತ್ರ. ಕಬ್ಬಿಣ, ನೀರು, ಆಮ್ಲಜನಕ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಕರಾವಳಿಯ ಉಪ್ಪುಗಾಳಿ ಅದರ ವೇಗ ಹೆಚ್ಚಿಸುತ್ತದೆ. ಮಲೆನಾಡಿನಲ್ಲಿ ಉಪ್ಪಿಲ್ಲದಿದ್ದರೂ ತಿಂಗಳುಗಟ್ಟಲೆ ಒಣಗದ ಕೆಸರಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬಣ್ಣದಡಿ ಅದು ಊದಿಕೊಂಡಾಗ ಗುಳ್ಳೆ ಏಳುತ್ತದೆ. ಹೊರಗೆ ನಾಲ್ಕಾಣೆಯಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ತಗಡು ಹೋಗಿರಬಹುದು.

ಜೀಪಿನಲ್ಲಿ ತುಕ್ಕು ಮನೆ ಮಾಡುವ ಜಾಗಗಳು ಹೆಚ್ಚುಕಡಿಮೆ ನಿಗದಿಯಾಗಿವೆ: ಡ್ರೈವರ್ ಕಾಲಿಡುವ ನೆಲ, ಸೀಟಿನಡಿಯ ಟೂಲ್ ಬಾಕ್ಸ್, ಬ್ಯಾಟರಿ ಕೂರುವ ತಟ್ಟೆ, ಗಾಜಿನ ಚೌಕಟ್ಟಿನ ಕೆಳ ಅಂಚು, ಲೀಫ್ ಸ್ಪ್ರಿಂಗುಗಳು ಚಾಸಿಗೆ ನೇತುಕೊಳ್ಳುವ ಕೊಂಡಿಗಳ ಸುತ್ತ. ನೆಲದ ಅಡಿಯಲ್ಲಿ ಬಾಡಿಯನ್ನು ಹೊರುವ ಮಡಿಸಿದ ಚಾನೆಲ್‌ಗಳು ಎಲ್ಲಕ್ಕಿಂತ ಮೋಸದವು. ಯುದ್ಧಕಾಲದ ಮೂಲ ಜೀಪುಗಳಲ್ಲಿ ಇವುಗಳೊಳಗೆ ಮರದ ಪಟ್ಟಿ ತುಂಬಿರುತ್ತಿತ್ತು. ನೀರು ಕುಡಿದ ಮರ ತಗಡನ್ನು ಒಳಗಿನಿಂದಲೇ ತಿಂದು ಹಾಕುತ್ತಿತ್ತು. ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಸಣ್ಣ ಸುತ್ತಿಗೆಯಿಂದ ಬಡಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ಟೊಳ್ಳು ಬಿದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಹಿಂದಿನವರು ದಪ್ಪಗೆ ಪುಟ್ಟಿ ಮೆತ್ತಿದ್ದಾರೆಂದೇ ಅರ್ಥ. ಚಾಸಿಯೇ ಅಲ್ಲಲ್ಲಿ ತೂತು ಬಿದ್ದಿದ್ದರೆ, ಬಿರುಕು ಬಿಟ್ಟಿದ್ದರೆ ಅದು ಮನೆಯ ಕೆಲಸವಲ್ಲ. ಅನುಭವಿ ವೆಲ್ಡರ್ ನೋಡಿ ಹೇಳುವವರೆಗೆ ಒಂದು ರೂಪಾಯಿಯನ್ನೂ ಬಣ್ಣಕ್ಕೆ ಸುರಿಯಬಾರದು.

ಮೇಲ್ಮೈ ತುಕ್ಕನ್ನು ತಂತಿ ಬ್ರಶ್ಶು, ಉಪ್ಪುಕಾಗದದಿಂದ ಉಜ್ಜಿ ತೆಗೆಯಬಹುದು. ಉಳಿದ ಕಲೆಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿದರೆ ತುಕ್ಕು ಕಬ್ಬಿಣದ ಫಾಸ್ಫೇಟ್ ಆಗಿ ಬದಲಾಗುತ್ತದೆ. ಬ್ರಾಕೆಟ್, ಹಿಂಜ್, ಬೋಲ್ಟುಗಳಂಥ ಸಣ್ಣ ಭಾಗಗಳಿಗೆ ಅಗ್ಗದ ಉಪಾಯವೊಂದಿದೆ, ಅದು ಕಾಕಂಬಿ. ಸಕ್ಕರೆ ಕಾರ್ಖಾನೆಯ ಈ ಉಪ ಉತ್ಪನ್ನದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಭಾಗಗಳನ್ನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ತಾನಾಗಿ ಸಡಿಲವಾಗುತ್ತದೆ. ಗಟ್ಟಿ ಕಬ್ಬಿಣಕ್ಕೆ ಹೆಚ್ಚಿನ ಪೆಟ್ಟಿಲ್ಲ. ವಾಸನೆ ಸಹಿಸಬೇಕು, ಅಷ್ಟೇ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು. ಹೊರತೆಗೆದ ಕೂಡಲೇ ತೊಳೆದು, ಒಣಗಿಸಿ, ಪ್ರೈಮರ್ ಹೊಡೆಯದಿದ್ದರೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕಿನ ಛಾಯೆ ಮೂಡುತ್ತದೆ.

ತೂತು ಬಿದ್ದ ತಗಡಿಗೆ ಯಾವ ದ್ರಾವಣವೂ ಮದ್ದಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ, ಸಾಮಾನ್ಯವಾಗಿ 18 ಗೇಜಿನ ಹೊಸ ತಗಡನ್ನು ಬೆಸೆಯಬೇಕು. ಟಿಂಕರಿಂಗ್ ಗೊತ್ತಿದ್ದವರು ಒಂದೇ ಗೆರೆಯಲ್ಲಿ ಉದ್ದಕ್ಕೆ ವೆಲ್ಡ್ ಎಳೆಯುವುದಿಲ್ಲ. ಕಾವಿಗೆ ತಗಡು ಸುಕ್ಕುಗಟ್ಟುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ ಇಡುತ್ತ, ನಡುನಡುವೆ ಆರಲು ಬಿಡುತ್ತ ಸಾಗುತ್ತಾರೆ. ಅನುಭವವಿಲ್ಲದವರು ಈ ಭಾಗವನ್ನು ಗ್ಯಾರೇಜಿಗೆ ಕೊಡುವುದೇ ಲೇಸು. ವೆಲ್ಡಿಂಗ್‌ಗೆ ಮುಂಚೆ ಪೆಟ್ರೋಲ್ ಟ್ಯಾಂಕು ಗಾಡಿಯಿಂದ ಹೊರಗಿರಬೇಕು.

ಬಾಡಿ ಪಕ್ಕಕ್ಕಿರುವಾಗಲೇ ಯಂತ್ರದ ಕೆಲಸವನ್ನೂ ಮುಗಿಸಿಕೊಳ್ಳಬಹುದು. ಬ್ರೇಕ್ ಪೈಪು, ಹೋಸುಗಳನ್ನು ಹೊಸದಾಗಿ ಹಾಕುವುದರಲ್ಲಿ ಜಿಪುಣತನ ಸಲ್ಲದು. ಮುಂದಿನ ಆಕ್ಸಲ್‌ನ ಎರಡು ತುದಿಗಳಲ್ಲಿರುವ ಗುಂಡುಗಳ ಆಯಿಲ್ ಸೀಲು ಹಳೆಯ ಜೀಪುಗಳಲ್ಲಿ ಸೋರುವುದು ಸಾಮಾನ್ಯ. ಸ್ಟೀರಿಂಗ್ ನಡುಗುವ ಗಾಡಿಯಲ್ಲಿ ಕಿಂಗ್‌ಪಿನ್ ಬೇರಿಂಗುಗಳನ್ನೂ ನೋಡಬೇಕು.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಅದನ್ನು ಉಜ್ಜುವಾಗ ಮಾಸ್ಕ್ ಬೇಕು, ಮಕ್ಕಳು ದೂರವಿರಬೇಕು. ಬರಿಯ ಲೋಹ ಕಂಡ ಮೇಲೆ ಮೊದಲ ಪದರ ಎಪಾಕ್ಸಿ ಪ್ರೈಮರ್. ಇದು ನೀರನ್ನು ತಡೆಯುತ್ತದೆ, ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ. ತಗ್ಗುಗಳನ್ನು ಸಮ ಮಾಡುವ ಪುಟ್ಟಿ ಅದರ ಮೇಲೆ ಬರಬೇಕು, ಅದೂ ಮೂರು ಮಿಲಿಮೀಟರ್ ದಾಟದಂತೆ. ಎಷ್ಟೋ ಕಡೆ ಪುಟ್ಟಿಯನ್ನು ಬರಿಯ ತಗಡಿಗೇ ಮೆತ್ತಿ, ನೀರು ಹಾಕಿ ಉಜ್ಜಿಬಿಡುತ್ತಾರೆ. ಪುಟ್ಟಿ ನೀರು ಹೀರುವ ವಸ್ತು. ಆ ತೇವ ಒಳಗೇ ಕುಳಿತು ಮುಂದಿನ ಮಳೆಗಾಲದ ಹೊತ್ತಿಗೆ ಗುಳ್ಳೆಯಾಗಿ ಏಳುತ್ತದೆ. ಪುಟ್ಟಿಯನ್ನು ಒಣಗಿಸಿಯೇ ಉಜ್ಜಬೇಕು: ಮೊದಲು 80, ನಂತರ 180, ಕೊನೆಗೆ 320 ನಂಬರಿನ ಕಾಗದ, ಮರದ ತುಂಡಿಗೆ ಸುತ್ತಿ. ಅದರ ಮೇಲೆ ಸರ್ಫೇಸರ್ ಹೊಡೆದ ಬಳಿಕ 600 ನಂಬರಿನ ವಾಟರ್ ಪೇಪರ್ ಬಳಸಬಹುದು.

ಮೇಲಿನ ಬಣ್ಣದ ಆಯ್ಕೆಯಲ್ಲಿ ಮನೆಯಲ್ಲೇ ಬಣ್ಣ ಹೊಡೆಯುವವರು ಎಡವುವುದು ಹೊಳಪಿನ ಆಸೆಗೆ. ಈಗ ಗ್ಯಾರೇಜುಗಳಲ್ಲಿ ಬಳಸುವ ಪಿಯು (ಪಾಲಿಯುರೆಥೇನ್) ಬಣ್ಣ ಹೆಚ್ಚು ಬಾಳುತ್ತದೆ, ನಿಜ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಶಾಶ್ವತ ಆಸ್ತಮಾ ಬರಬಹುದು. ಬಟ್ಟೆಯ ಮಾಸ್ಕೂ ಧೂಳಿನ ಮಾಸ್ಕೂ ಅದನ್ನು ತಡೆಯಲಾರವು, ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡ ಬೇಕು. ಆ ವ್ಯವಸ್ಥೆಯಿಲ್ಲದ ಅಂಗಳದಲ್ಲಿ ಪಿಯು ಬೇಡವೇ ಬೇಡ. ಹಳೆಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬೇಗ ಒಣಗುತ್ತದೆ, ತಪ್ಪಾದರೆ ಉಜ್ಜಿ ಮತ್ತೆ ಹೊಡೆಯಬಹುದು. ಆದರೆ ಹಲವು ಪದರ ಬೇಕು, ಕೊನೆಗೆ ರಬ್ಬಿಂಗ್ ಪಾಲಿಶ್ ಮಾಡಬೇಕು, ಪೆಟ್ರೋಲ್ ಚೆಲ್ಲಿದರೆ ಮಾಸುತ್ತದೆ. ಸಿಂಥೆಟಿಕ್ ಎನಾಮೆಲ್ ಅಗ್ಗ, ದಪ್ಪ, ತೋಟದ ಗಾಡಿಗೆ ಸಾಕು. ನಿಧಾನವಾಗಿ ಒಣಗುವುದರಿಂದ ಧೂಳು, ಹುಳು ಅಂಟುತ್ತವೆ. ಎನಾಮೆಲ್ ಮೇಲೆ ಎನ್‌ಸಿ ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಸುಕ್ಕು ಮಾಡುತ್ತದೆ, ಹಾಗಾಗಿ ಎರಡನ್ನೂ ಬೆರೆಸುವಂತಿಲ್ಲ. ಈ ಎರಡು ಬಣ್ಣಗಳಿಗೂ ಥಿನ್ನರ್ ಆವಿಯನ್ನು ಹೀರುವ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು.

ಮಲೆನಾಡಿನಲ್ಲಿ ಸ್ಪ್ರೇ ಗನ್ ಹಿಡಿಯುವ ಕೈಗಿಂತ ಹವೆ ದೊಡ್ಡದು. ಥಿನ್ನರ್ ಆವಿಯಾಗುವಾಗ ತಗಡಿನ ಮೇಲ್ಮೈ ತಣ್ಣಗಾಗುತ್ತದೆ; ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಬಣ್ಣದ ಮೇಲೆ ಹನಿಗಟ್ಟಿ, ಬಣ್ಣ ಬೂದಿ ಬಡಿದ ಹಾಗೆ ಬೆಳ್ಳಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಬೇಡ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ದಿನಗಳಲ್ಲಿ, ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಬಿಸಿಲು ನೇರ ಬೀಳದ ನೆರಳಿನಲ್ಲಿ ಹೊಡೆಯುವುದು ಸರಿ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಕಂಪ್ರೆಸರಿನಿಂದ ಬರುವ ಗಾಳಿಯಲ್ಲೂ ನೀರಿರುತ್ತದೆ, ಅದನ್ನು ಹಿಡಿಯುವ ಫಿಲ್ಟರ್ ಕಡ್ಡಾಯ. ಗನ್ನು ತಗಡಿನಿಂದ ಆರೆಂಟು ಇಂಚು ದೂರದಲ್ಲಿ, ಸಮಾನಾಂತರವಾಗಿ ಚಲಿಸಬೇಕು. ಪ್ರತಿ ಪಟ್ಟಿ ಹಿಂದಿನದರ ಅರ್ಧ ಭಾಗವನ್ನು ಮುಚ್ಚಬೇಕು. ಒಂದೇ ದಪ್ಪ ಕೋಟ್‌ಗಿಂತ ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು ಹೊಡೆದ ಎರಡು ಮೂರು ತೆಳು ಕೋಟುಗಳು ಮೇಲು. ಥಿನ್ನರ್ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಿದು ದೂರದ ಒಲೆಯ ಕಿಡಿಗೂ ತಾಗಬಲ್ಲದು.

ಚಾಸಿಗೆ ಗನ್ ಬೇಕಿಲ್ಲ, ಬ್ರಶ್ಶಿನಲ್ಲಿ ಬಳಿದರೆ ಸಾಕು. ಬಾಡಿಯ ತಳಕ್ಕೆ ಡಾಂಬರಿನಂಥ ಕಪ್ಪು ಲೇಪ ಹಾಕಿಸುವವರು ಕೆಳಗೆ ತುಕ್ಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಆ ಲೇಪ ತೇವವನ್ನು ಒಳಗೇ ಕೂಡಿಹಾಕುತ್ತದೆ. ನೆಲದಲ್ಲಿ ನೀರು ಇಳಿಯಲು ಇರುವ ತೂತುಗಳು ಮುಚ್ಚಿಹೋಗಬಾರದು.

ಬಣ್ಣ ಯಾವುದೆಂಬ ಪ್ರಶ್ನೆಗೆ ಕಾನೂನಿನ ಒಂದು ಮಿತಿಯಿದೆ. ಜೀಪೆಂದರೆ ಮಿಲಿಟರಿ ಹಸಿರು ಎಂದು ಹಲವರ ಆಸೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಬೇರೆ ಬಣ್ಣಕ್ಕೆ ಬದಲಿಸುವವರು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಆರ್‌ಸಿಯಲ್ಲಿ ಹೊಸ ಬಣ್ಣ ನಮೂದಿಸಿಕೊಂಡು, ವಿಮಾ ಕಂಪನಿಗೂ ತಿಳಿಸಬೇಕು. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶವಿದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ, ವಾಣಿಜ್ಯ ಕೆಲಸಕ್ಕೂ ಬಳಸುವಂತಿಲ್ಲ. ಸಂತೆಗೂ ತೋಟಕ್ಕೂ ಬೇಕಾದ ಜೀಪಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಸರಿಯಾದ ದಾರಿ.