ಮೂರು ಗಂಟು, ಒಂದೇ ಕ್ಲಿಕ್ಕು

ಬೇಸಿಗೆ ರಜೆ ಬಂತೆಂದರೆ ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆಯ ಸಡಗರ. ಬೆಳಗಿನ ಮಾರುಕಟ್ಟೆಯಿಂದ ಮಲ್ಲಿಗೆ ಮೊಗ್ಗು, ಕನಕಾಂಬರ, ಪಚ್ಚೆತೆನೆ ತಂದು, ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಅತ್ತೆಯೋ ಚಿಕ್ಕಮ್ಮನೋ ಸೂಜಿ ದಾರ ಹಿಡಿದು ಸಾಲುಸಾಲಾಗಿ ಹೊಲಿಯುತ್ತಿದ್ದರು. ಎರಡು ಮೂರು ಗಂಟೆಯ ಕೆಲಸ. ಹುಡುಗಿಗೆ ಕತ್ತು ನೋವು, ಮೇಲೆ ಅಲುಗಾಡಬೇಡ ಎಂಬ ಗದರಿಕೆ. ಇಷ್ಟೆಲ್ಲ ಆದ ಮೇಲೆ ಇನ್ನೊಂದು ಅವಸರ ಶುರುವಾಗುತ್ತಿತ್ತು. ಸಂಜೆಯಾದರೆ ಮೊಗ್ಗು ಅರಳಿಬಿಡುತ್ತದೆ. ಅರಳುವ ಮೊದಲೇ ಸ್ಟುಡಿಯೊ ಮುಟ್ಟಬೇಕು.

ಸ್ಟುಡಿಯೊದ ಒಳಕೋಣೆಯಲ್ಲಿ ಆಳೆತ್ತರದ ಒಂದು ಕನ್ನಡಿ ಇರುತ್ತಿತ್ತು. ಹುಡುಗಿಯನ್ನು ಅದಕ್ಕೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂರಿಸಿದರೆ ಮುಖ ಕ್ಯಾಮೆರಾಕ್ಕೆ, ಜಡೆ ಕನ್ನಡಿಗೆ. ಕೇಳಲು ಸುಲಭ. ಆದರೆ ಕನ್ನಡಿಯನ್ನು ನೇರಕ್ಕೆ ಇಟ್ಟರೆ ಅದರಲ್ಲಿ ಕ್ಯಾಮೆರಾ ಕಾಣುತ್ತದೆ, ಕ್ಯಾಮೆರಾದವನೂ ಕಾಣುತ್ತಾನೆ, ದೀಪದ ಬೆಳಕು ಚುಚ್ಚಿದಂತೆ ಹೊಳೆದು ಜಡೆಯನ್ನೇ ನುಂಗುತ್ತದೆ. ಹಾಗಾಗಿ ಕನ್ನಡಿಯನ್ನು ಒಂದಿಷ್ಟು ಓರೆ ಮಾಡಿ, ಹುಡುಗಿಯನ್ನು ಇನ್ನೊಂದಿಷ್ಟು ತಿರುಗಿಸಿ, ದೀಪವನ್ನು ಪಕ್ಕಕ್ಕೆ ಸರಿಸಿ, ನೆತ್ತಿಯ ಬಿಲ್ಲೆಯಿಂದ ತುದಿಯ ಕುಚ್ಚಿನವರೆಗೆ ಪೂರ್ತಿ ಜಡೆ ಕಾಣುವ ಆ ಒಂದು ಕೋನವನ್ನು ಹುಡುಕಬೇಕು. ಅಮ್ಮ ಬಂದು ಲಂಗದ ನೆರಿಗೆ ಹರಡಿ ಹೋಗುತ್ತಾಳೆ. ‘ಗದ್ದ ಸ್ವಲ್ಪ ಎತ್ತು ಪುಟ್ಟಿ, ಹಾಂ, ಹಾಗೇ ಇರು’ ಎಂಬ ಮಾತು ಮುಗಿಯುವುದರೊಳಗೆ ಫೋಟೊ ಆಗಿಹೋಗುತ್ತಿತ್ತು.

ಹದಿನೈದು ಇಪ್ಪತ್ತು ವರ್ಷದ ಮೇಲೆ ಅದೇ ಹುಡುಗಿ ಸೀಮಂತಕ್ಕೆ ತವರಿಗೆ ಬಂದಾಗ ಮತ್ತೆ ಹಸಿರು ಬಳೆ, ಮತ್ತೆ ಮೊಗ್ಗಿನ ಜಡೆ, ಎಷ್ಟೋ ಊರುಗಳಲ್ಲಿ ಮತ್ತೆ ಅದೇ ಸ್ಟುಡಿಯೊ, ಅದೇ ಕನ್ನಡಿ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡಿರುವ ಮನೆಗಳು ಕರ್ನಾಟಕದಲ್ಲಿ ಸಾಕಷ್ಟಿವೆ. ಬೋರಲು ಬಿದ್ದ ಕೂಸು, ಕೃಷ್ಣನ ವೇಷದ ಮಗು, ಉಪನಯನದ ವಟು, ಧಾರೆ, ಉತ್ತರ ಕರ್ನಾಟಕದ ಕುಬಸ, ಅರವತ್ತರ ಷಷ್ಟ್ಯಬ್ದಿ ಹೀಗೆ ಒಂದು ಸಂಸಾರದ ಬದುಕಿನ ಮುಖ್ಯ ಘಟ್ಟಗಳಲ್ಲೆಲ್ಲ ಮನೆಯವರಲ್ಲದ ಒಬ್ಬರು ತಪ್ಪದೆ ಹಾಜರಿರುತ್ತಾರೆ. ಅವರೇ ಊರಿನ ಫೋಟೊಗ್ರಾಫರ್.

ಈ ಕಸುಬು ನಮ್ಮಲ್ಲಿಗೆ ಬಂದದ್ದು ಮನುಷ್ಯರ ಮುಖ ಹಿಡಿಯಲು ಅಲ್ಲ. ಫ್ರಾನ್ಸಿನಲ್ಲಿ 1839ರ ಆಗಸ್ಟ್ 19ರಂದು ಡಾಗೇರ್ ಕಂಡುಹಿಡಿದ ಫೋಟೊ ವಿಧಾನವನ್ನು ಜಗತ್ತಿಗೆ ತೆರೆದಿಟ್ಟರು. ಹದಿನೈದು ವರ್ಷದಲ್ಲೇ, ಅಂದರೆ 1854ರಲ್ಲಿ, ಕಂಪನಿ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಕ್ಯಾಮೆರಾ ಹೊತ್ತುಕೊಂಡು ಮೈಸೂರು ಸೀಮೆ ಸುತ್ತಿ, ಬೇಲೂರು ಹಳೇಬೀಡುಗಳ ಚಿತ್ರ ತೆಗೆದಿದ್ದ. ಆಗಿನ ಕ್ಯಾಮೆರಾಕ್ಕೆ ಬೆಳಕು ಬಹಳ ಹೊತ್ತು ಬೇಕಿತ್ತು. ಶಿಲಾಬಾಲಿಕೆ ಎಷ್ಟು ಹೊತ್ತಾದರೂ ಅಲುಗಾಡುವುದಿಲ್ಲ. ಮನುಷ್ಯ ಅಲುಗಾಡುತ್ತಾನೆ, ಮಗುವಂತೂ ಕೇಳುವುದೇ ಬೇಡ. ಮುತ್ತಜ್ಜ ಮುತ್ತಜ್ಜಿಯರ ಫೋಟೊಗಳಲ್ಲಿ ಮುಖ ಬಿಗಿದುಕೊಂಡಿರುವುದಕ್ಕೆ, ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. ನಕ್ಕರೆ ಚಿತ್ರ ಕೆಡುತ್ತದೆ ಎಂಬ ಭಯ ಅವರಿಗಿತ್ತು. ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ಬೇರೆ.

ನಿಧಾನವಾಗಿ ಸ್ಟುಡಿಯೊಗಳು ಬಂದವು. ಪರದೆಯ ಹೆಂಗಸರು ಗಂಡಸಿನ ಕ್ಯಾಮೆರಾದ ಎದುರು ಕೂರುವಂತಿರಲಿಲ್ಲ. ಅದಕ್ಕೆಂದೇ ರಾಜಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೊ ತೆರೆದು, ಅದನ್ನು ನಡೆಸಲು ಇಂಗ್ಲಿಷ್ ಮಹಿಳೆಯೊಬ್ಬರನ್ನು ನೇಮಿಸಿದ್ದರು. ಬೆಂಗಳೂರಿನ ಜಿ.ಕೆ. ವೇಲ್ 1910ರಿಂದ ಇರುವ ಹೆಸರು. ಆಮೇಲೆ ತಾಲ್ಲೂಕು ಪೇಟೆಗಳಿಗೂ ಒಂದೊಂದು ಸ್ಟುಡಿಯೊ ಬಂತು. ಬಸ್ ನಿಲ್ದಾಣದ ಹತ್ತಿರದ ಮಹಡಿ, ಕಿರಿದಾದ ಮೆಟ್ಟಿಲು, ಗೋಡೆಗೆ ತಾಜಮಹಲೋ ವಿಧಾನಸೌಧವೋ ಬರೆದ ಪರದೆ, ಬಾಚಣಿಗೆ, ಪೌಡರ್ ಡಬ್ಬಿ, ಬಂದವರೆಲ್ಲರಿಗೂ ಹೊಂದುವ ಒಂದು ಕೋಟು. ಮದುವೆಯಾದ ಮೊದಲ ವಾರದಲ್ಲಿ ಹೊಸ ಜೋಡಿ ಅಲ್ಲಿಗೆ ಹೋಗಿ ಒಂದು ಫೋಟೊ ತೆಗೆಸಿಕೊಳ್ಳುವುದು ಪದ್ಧತಿಯೇ ಆಯಿತು. ಗಂಡ ಹೆಂಡತಿ ಮೊದಲ ಸಲ ಒಟ್ಟಿಗೆ ಪೇಟೆಗೆ ಹೋದದ್ದೇ ಆ ದಿನ ಎಂದು ನೆನೆಯುವ ಅಜ್ಜಿಯಂದಿರು ಈಗಲೂ ಇದ್ದಾರೆ.

ಕಲ್ಯಾಣ ಮಂಟಪದ ಕೆಲಸ ಇದಕ್ಕಿಂತ ಬೇರೆ. ಅಲ್ಲಿ ‘ಹಾಗೇ ಇರು’ ಎನ್ನುವಂತಿಲ್ಲ.

ಎಪ್ಪತ್ತರ ದಶಕದ ಒಂದು ಮುಹೂರ್ತವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಫೋಟೊಗ್ರಾಫರನ ಕುತ್ತಿಗೆಯಲ್ಲಿ ಎರಡು ಕಣ್ಣಿನ ಯಾಶಿಕಾ. ಅದರೊಳಗೆ 120 ರೋಲ್, 12 ಫ್ರೇಮು. ಇಡೀ ಮದುವೆಯನ್ನು ಎರಡೋ ಮೂರೋ ರೋಲಿನಲ್ಲಿ ಮುಗಿಸಬೇಕು. ಈ ಕ್ಯಾಮೆರಾವನ್ನು ಕಣ್ಣಿಗೆ ಇಟ್ಟುಕೊಳ್ಳುವಂತಿಲ್ಲ. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಮದುವಣಗಿತ್ತಿ ಇತ್ತ ಸರಿದರೆ ಗಾಜಿನಲ್ಲಿ ಅತ್ತ ಸರಿಯುತ್ತಾಳೆ. ಬಲಕ್ಕಿದ್ದ ವಧು ವರನ ಎಡಕ್ಕೆ ಬರುವ ಶಾಸ್ತ್ರವನ್ನು ಈ ತಿರುಗಾಮುರುಗಾ ಚಿತ್ರದಲ್ಲೇ ಲೆಕ್ಕ ಹಾಕಿಕೊಳ್ಳಬೇಕು.

ಫ್ಲ್ಯಾಶ್ ಒಂದು ಸಲ ಹೊಡೆದರೆ ಮತ್ತೆ ಚಾರ್ಜ್ ಆಗಲು ಹಲವು ಸೆಕೆಂಡು ಬೇಕು. ಸಣ್ಣಗೆ ಕುಯ್ಯೆಂದು ಶಬ್ದ ಮಾಡುತ್ತ ಅದು ತುಂಬಿಕೊಳ್ಳುವವರೆಗೆ ಕಾಯದೆ ವಿಧಿಯಿಲ್ಲ. ಇತ್ತ ಪುರೋಹಿತರು ಬೆರಳೆತ್ತುತ್ತಾರೆ, ಓಲಗದವರು ಗಟ್ಟಿಮೇಳ ಹಿಡಿಯುತ್ತಾರೆ, ನೆಂಟರೆಲ್ಲ ಎದ್ದು ಅಕ್ಷತೆ ಎರಚುತ್ತಾರೆ, ಮುಂದಿನ ಸಾಲಿನ ಯಾರದೋ ಕೈ ಅಡ್ಡ ಬರುತ್ತದೆ. ಇದರ ನಡುವೆ ವರ ಮೂರು ಗಂಟು ಹಾಕಬೇಕು, ನಾದಿನಿ ಹಿಂದಿನಿಂದ ಜಡೆ ಎತ್ತಿ ಹಿಡಿದಿರಬೇಕು, ವಧುವಿನ ಮುಖ ಕಾಣಬೇಕು. ಫೋಟೊಗ್ರಾಫರನಿಗೆ ಸಿಗುವುದು ಒಂದೇ ಒಂದು ಕ್ಲಿಕ್ಕು. ಬಂದಿದೆಯೋ ಇಲ್ಲವೋ ತಿಳಿಯುವುದು ರಾತ್ರಿ ಡಾರ್ಕ್‌ರೂಮಿನಲ್ಲಿ. ಅನುಭವವಿದ್ದವರು ಓಲಗದ ಕಡೆ ನೋಡದೆ ಪುರೋಹಿತರ ಬೆರಳನ್ನೇ ನೋಡುತ್ತಿದ್ದರು. ಎಲ್ಲಿ ನಿಲ್ಲಬೇಕು, ಯಾರು ಅಡ್ಡ ಬರುತ್ತಾರೆ, ಯಾವ ಮಂತ್ರಕ್ಕೆ ಯಾವ ಕೈ ಮೇಲೇಳುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕ್ಯಾಮೆರಾ ಓಡಿಸಲು ಯಾರು ಬೇಕಾದರೂ ಕಲಿತಾರು. ಮದುವೆಯ ಫೋಟೊಗ್ರಾಫರ್ ಆಗಬೇಕಾದರೆ ಶಾಸ್ತ್ರ ಗೊತ್ತಿರಬೇಕು, ಜನ ಗೊತ್ತಿರಬೇಕು.

ಶಾಸ್ತ್ರವಾದರೂ ಒಂದೇ ಬಗೆಯದೇ? ಧಾರವಾಡದ ಕಡೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ಸುರಗಿ ನೀರು ಹಾಕುವಾಗ ಆ ನೂಲಿನ ಚೌಕವೂ ಚಿತ್ರದೊಳಗೆ ಬರಬೇಕು. ಕೊಡಗಿನಲ್ಲಿ ಪುರೋಹಿತರೇ ಇಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ ಹರಸುತ್ತಾರೆ, ಹಾಗಾಗಿ ಮುಹೂರ್ತ ಗಂಟೆಗಟ್ಟಲೆ ನಡೆಯುತ್ತದೆ. ಅಲ್ಲಿನ ಗಂಗೆಪೂಜೆಯಲ್ಲಿ ನೀರಿನ ಕೊಡ ಹೊತ್ತ ಮದುಮಗಳ ಮುಂದೆ ವಾಲಗಕ್ಕೆ ನೆಂಟರು ಕುಣಿಯುತ್ತ ದಾರಿ ಬಿಡದೆ ನಿಂತರೆ, ಅವಳ ದಣಿವನ್ನೂ ನಗುವನ್ನೂ ಒಟ್ಟಿಗೆ ಹಿಡಿಯುವ ತಾಳ್ಮೆ ಬೇಕು. ಮಂಗಳೂರಿನ ಕ್ರೈಸ್ತರ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಸುರಿಯುವ ಹೊತ್ತಿಗೆ ಲೆನ್ಸನ್ನೂ ಕಾಪಾಡಿಕೊಳ್ಳಬೇಕು. ಕುವೆಂಪು 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಗೆಂದು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಹೋಮವಿಲ್ಲ, ಗಟ್ಟಿಮೇಳವಿಲ್ಲ. ಜೋಡಿ ಪ್ರತಿಜ್ಞೆ ಓದುವ ಆ ಗಳಿಗೆಯೇ ಅಲ್ಲಿನ ಮುಹೂರ್ತ. ಅಂಥ ಮದುವೆಗೆ ಹೋದವರು ಮುಖಗಳನ್ನೇ ನೆಚ್ಚಬೇಕಾಗುತ್ತದೆ. ಒಳ್ಳೆಯ ಫೋಟೊಗ್ರಾಫರನಿಗೆ ಅದೂ ಸಾಕು.

ಇನ್ನು ಗ್ರೂಪ್ ಫೋಟೊ. ಬೀಗರು ಯಾರು, ಸೋದರಮಾವ ಎಲ್ಲಿ ನಿಲ್ಲಬೇಕು, ದೊಡ್ಡಪ್ಪನಿಗೆ ಕುರ್ಚಿ ಹಾಕದಿದ್ದರೆ ಎಷ್ಟು ದಿನ ಮಾತು ನಿಲ್ಲುತ್ತದೆ ಎಂಬುದು ಅಲ್ಲಿ ಬೆಳಕಿಗಿಂತ ಮುಖ್ಯ. ಹಿರಿಯರು ಕುರ್ಚಿಯಲ್ಲಿ, ಮಕ್ಕಳು ಜಮಖಾನದ ಮೇಲೆ, ಹೊಸ ಸೊಸೆಯಂದಿರು ಹಿಂದಿನ ಸಾಲಿನಲ್ಲಿ. ಈ ಒಂದು ಚಿತ್ರ ಮುಂದೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ತೆಗೆಸಿಕೊಳ್ಳುವಾಗ ಯಾರಿಗೂ ಗೊತ್ತಿರುವುದಿಲ್ಲ. ಅಜ್ಜ ತೀರಿಹೋದ ಮೇಲೆ ಅವರ ಒಂಟಿ ಫೋಟೊ ಇಲ್ಲವೆಂದು, ಅದೇ ಗುಂಪಿನಿಂದ ಅವರ ಮುಖವನ್ನಷ್ಟೇ ತೆಗೆದು, ದೊಡ್ಡದು ಮಾಡಿ, ಅಕ್ಕಪಕ್ಕದವರ ಭುಜವನ್ನು ಬಣ್ಣದಲ್ಲಿ ಅಳಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳು ಲೆಕ್ಕವಿಲ್ಲದಷ್ಟು.

ಆ ಅಳಿಸುವ ತಿದ್ದುವ ಕೆಲಸವೇ ಪ್ರತ್ಯೇಕ ವಿದ್ಯೆಯಾಗಿತ್ತು. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಚುಕ್ಕಿ ಇಟ್ಟು ಮೊಡವೆಯ ಕಲೆ, ಕಣ್ಣಿನ ಕೆಳಗಿನ ಕಪ್ಪು ಮಾಯ ಮಾಡುತ್ತಿದ್ದರು. ಕಪ್ಪುಬಿಳುಪು ಚಿತ್ರದ ಮೇಲೆ ಕುಂಚದಿಂದ ಸೀರೆಗೆ ಕೆಂಪು, ಒಡವೆಗೆ ಹಳದಿ ತುಂಬುತ್ತಿದ್ದರು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಹೆಸರಿನ ಫಿಲ್ಮು, ಪೇಪರು ನಮ್ಮ ಊರುಗಳಿಗೂ ಬರುತ್ತಿತ್ತು. ಕೆಂಪು ಬಲ್ಬಿನ ಕೆಳಗೆ, ಡೆವಲಪರ್ ತಟ್ಟೆಯಲ್ಲಿ, ಬಿಳಿ ಹಾಳೆಯ ಮೇಲೆ ಮದುಮಗಳ ಕಪ್ಪು ಕೂದಲು ಮೊದಲು ಮೂಡಿ, ಆಮೇಲೆ ಕಣ್ಣು, ಆಮೇಲೆ ಮುಖ ಬರುವುದನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಹೈಪೊದಲ್ಲಿ ಅದ್ದಿ, ಚೆನ್ನಾಗಿ ತೊಳೆದ ಅಂಥ ಪ್ರಿಂಟುಗಳು ನೂರು ವರ್ಷ ದಾಟಿಯೂ ಗಟ್ಟಿಯಾಗಿವೆ.

ಬಣ್ಣದ ಲ್ಯಾಬುಗಳು ಬಂದ ಮೇಲೆ ಡಾರ್ಕ್‌ರೂಮುಗಳು ಮುಚ್ಚಿದವು. ಡಿಜಿಟಲ್ ಬಂದು ಲ್ಯಾಬುಗಳೂ ಕಡಿಮೆಯಾದವು. 1863ರಿಂದ ಹೆಸರು ಮಾಡಿದ್ದ, ಕಲ್ಕತ್ತೆಯ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೊ 2016ರಲ್ಲಿ ಬಾಗಿಲು ಹಾಕಿತು. 2020ರ ಮದುವೆ ಕಾಲದಲ್ಲಿ ಲಾಕ್‌ಡೌನ್ ಬಂದು, ಮದುವೆಗೆ 50 ಜನರ ಮಿತಿ ಬಿದ್ದಾಗ ಊರೂರಿನ ಫೋಟೊಗ್ರಾಫರುಗಳು ಕೈಕಟ್ಟಿ ಕುಳಿತರು. ಮೊದಲೇ ಆಷಾಢ, ಧನುರ್ಮಾಸಗಳಲ್ಲಿ ಕೆಲಸವಿಲ್ಲದ ಕಸುಬು ಇದು. ಲಗ್ನದ ತಿಂಗಳ ದುಡಿಮೆಯಲ್ಲೇ ವರ್ಷ ತೂಗಿಸಬೇಕು.

ಈಗಿನ ಮದುವೆಗೆ ಒಬ್ಬರು ಬರುವುದಿಲ್ಲ, ಒಂದು ತಂಡವೇ ಬರುತ್ತದೆ. ಒಬ್ಬರು ಶಾಸ್ತ್ರಗಳಿಗೆ, ಒಬ್ಬರು ಕ್ಯಾಂಡಿಡ್‌ಗೆ, ಇಬ್ಬರು ವಿಡಿಯೊಗೆ, ಮೇಲೊಂದು ಡ್ರೋನ್. ಒಂದೇ ದಿನಕ್ಕೆ ಸಾವಿರಗಟ್ಟಲೆ ಚಿತ್ರ. ಇದರಿಂದ ಒಳ್ಳೆಯದೂ ಆಗಿದೆ. ಹಳೆಯ ಆಲ್ಬಂಗಳಲ್ಲಿ ಅಡುಗೆಮನೆಯ ಹೆಂಗಸರಿರಲಿಲ್ಲ, ಧಾರೆ ಎರೆದು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುವ ಅಪ್ಪ ಇರಲಿಲ್ಲ. ಕ್ಯಾಂಡಿಡ್ ಹಿಡಿಯುವ ಹುಡುಗ ಹುಡುಗಿಯರು ಅವರನ್ನು ಹುಡುಕಿ ತಂದಿದ್ದಾರೆ. ಆದರೆ ಚಿತ್ರಕ್ಕಾಗಿ ತಾಳಿಯನ್ನು ಎರಡನೇ ಸಲ ಕಟ್ಟಿಸುವುದು, ಪುರೋಹಿತರನ್ನು ತಡೆಯುವುದು ಅತಿಯಾಯಿತು. ಮದುವೆಗೆ ಮುಂಚಿನ ಚಿತ್ರೀಕರಣದ ಹುಚ್ಚಿನಲ್ಲಿ ಜಲಪಾತದ ಅಂಚು, ನದಿಯ ನಡುವೆ ಹೋಗುವುದಂತೂ ಬೇಡವೇ ಬೇಡ. ತಲಕಾಡಿನ ಬಳಿ 2020ರ ನವೆಂಬರಿನಲ್ಲಿ ಹೀಗೆ ತೆಪ್ಪ ಏರಿದ್ದ ಜೋಡಿಯೊಂದು ಕಾವೇರಿಯ ಪಾಲಾಯಿತು. ಜಾಗ ಸರಿಯಿಲ್ಲ ಎಂದು ಹೇಳುವ ಹೊಣೆ ಕ್ಯಾಮೆರಾ ಹಿಡಿದವರದ್ದೂ ಹೌದು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆಸಿದವರದ್ದೇ. ನಿಮ್ಮ ಮದುವೆಯ ಚಿತ್ರವನ್ನು ಯಾರಾದರೂ ಜಾಹೀರಾತಿಗೆ ಬಳಸುವುದಾದರೆ ನಿಮ್ಮನ್ನು ಕೇಳಬೇಕು. ಹಾಗೆಯೇ ಫೋಟೊಗ್ರಾಫರ್ ಕೊಡುವ ಒಪ್ಪಂದದ ಹಾಳೆಯನ್ನು ಸಹಿ ಹಾಕುವ ಮೊದಲು ಓದಿಕೊಳ್ಳಬೇಕು.

ಫೋಟೊಗ್ರಾಫರುಗಳ ದೊಡ್ಡ ಕೊರಗು ಬೇರೆಯೇ ಇದೆ. ಆಲ್ಬಂಗೆ ಚಿತ್ರ ಆರಿಸಿಕೊಡಿ ಎಂದು ಪೆನ್‌ಡ್ರೈವ್ ಕೊಟ್ಟರೆ ತಿಂಗಳುಗಟ್ಟಲೆ ಉತ್ತರವಿರುವುದಿಲ್ಲ. ಮೂರು ಸಾವಿರ ಚಿತ್ರದಲ್ಲಿ ನೂರನ್ನು ಆರಿಸಲು ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಎಲ್ಲವೂ ಹಾರ್ಡ್‌ಡಿಸ್ಕಿನಲ್ಲೇ ಉಳಿದು, ಒಂದು ದಿನ ಆ ಹಾರ್ಡ್‌ಡಿಸ್ಕೇ ಕೈಕೊಡುತ್ತದೆ. ಎಂಬತ್ತರ ದಶಕದ ಬಣ್ಣದ ಫೋಟೊಗಳು ಕೆಂಪಗಾಗುತ್ತಿವೆ, ಅಂಟಿನ ಹಾಳೆಯ ಆಲ್ಬಂಗಳು ಚಿತ್ರವನ್ನೇ ಕಚ್ಚಿಕೊಂಡಿವೆ, ವಿಡಿಯೊ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಇವನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ. ಊರಿನ ಸ್ಟುಡಿಯೊದವರನ್ನು ಕೇಳಿದರೆ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿಕೊಡುತ್ತಾರೆ. ಹೊಸ ಮದುವೆಯದ್ದಾದರೆ ಹತ್ತೇ ಚಿತ್ರವಾದರೂ ಸರಿ, ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ಹಾಕಿಸಿಡಿ.

ಇನ್ನೊಂದು ಕೆಲಸ ಈ ಭಾನುವಾರವೇ ಆಗಬಹುದು. ಕಪಾಟಿನ ಮೇಲಿನ ಆಲ್ಬಂ ಇಳಿಸಿ, ಮನೆಯ ಹಿರಿಯರ ಪಕ್ಕ ಕುಳಿತು, ಗ್ರೂಪ್ ಫೋಟೊದಲ್ಲಿ ಇರುವವರು ಯಾರು ಯಾರು ಎಂದು ಕೇಳಿ. ಹೇಳಿದ ಹೆಸರನ್ನೆಲ್ಲ ಫೋಟೊದ ಹಿಂದೆ ಮೆದುವಾದ ಪೆನ್ಸಿಲಿನಿಂದ, ಒತ್ತದೆ, ಬರೆದಿಡಿ. ಊರು ಮತ್ತು ಇಸವಿ ಬರೆಯುವುದನ್ನು ಮರೆಯಬೇಡಿ.